ಬಾಣಲೆಗೆ ಮೊದಲು ಬೀಳುವ ಹಾಲು

ಹೋದ ತಿಂಗಳು ಶಿರಸಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಮದುವೆಗೆ ಹೋದರೆ ಮಂಟಪಕ್ಕಿಂತ ಮೊದಲು ಅಡುಗೆಯವರ ಕಡೆ ಕಾಲು ತಿರುಗುವುದು ನನ್ನ ಹಳೆಯ ಚಾಳಿ. ಎಂಬತ್ತು ದಾಟಿದ ಮುದುಕಿಯನ್ನು ಯಾರೂ ಬಾಗಿಲಲ್ಲಿ ತಡೆಯುವುದಿಲ್ಲ, ಕೂರಲು ಕುರ್ಚಿಯನ್ನೂ ಕೊಡುತ್ತಾರೆ. ಅಡುಗೆಯವನು ಪ್ಲಾಸ್ಟಿಕ್ ಪೊಟ್ಟಣವೊಂದನ್ನು ಕತ್ತರಿಸಿ, ಸಾಬೂನಿನ ಬಿಲ್ಲೆಯಂಥ ಬಿಳಿಯ ಖೋವಾದ ಗಟ್ಟಿಯನ್ನು ತಟ್ಟೆಗೆ ಹಾಕಿದ. ಬಗ್ಗಿ ಮೂಸಿದೆ. ಏನೂ ಇಲ್ಲ. "ಇದು ಯಾವ ಊರಿಂದಪ್ಪಾ?" ಎಂದೆ. "ಫ್ರಿಜ್ಜಿಂದು ಅಮ್ಮಾ" ಎಂದ ಪುಣ್ಯಾತ್ಮ.

ಆಮೇಲೆ ಅದನ್ನು ಪುಡಿಮಾಡಿ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸತೊಡಗಿದ. ಸ್ವಲ್ಪ ಹೊತ್ತಿಗೆ ಬಾಣಲೆಯ ಅಂಚಿನಲ್ಲಿ ಅದು ತುಸು ಕೆಂಪಾಗಿ ಆ ವಾಸನೆ ಎದ್ದಿತು. ಹಾಲಿನದೂ ಅಲ್ಲ, ತುಪ್ಪದ್ದೂ ಅಲ್ಲ, ಎರಡರ ನಡುವೆ ಎಲ್ಲೋ ಇರುವ ವಾಸನೆ. ನಾನು ಕುರ್ಚಿಯನ್ನು ಒಲೆಯ ಹತ್ತಿರಕ್ಕೆ ಎಳೆದುಕೊಂಡೆ. ಅತ್ತ ತಾಳಿ ಕಟ್ಟುವ ವಾದ್ಯ ಮೊಳಗುತ್ತಿತ್ತು, ಇತ್ತ ನನಗೆ ಯಲ್ಲಾಪುರದ ನೀಲವ್ವನ ಹಿತ್ತಿಲು ಕಣ್ಣಿಗೆ ಕಟ್ಟಿತ್ತು.

ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ಸೇರಿ ಹೆಚ್ಚು ಕಾಲ ಆಗಿರಲಿಲ್ಲ. ನಾನು ಸಿದ್ದಾಪುರದ ಕಡೆಯವಳು. ತರಬೇತಿ ಮುಗಿಸಿದ ಮೇಲೆ ಯಲ್ಲಾಪುರದ ಕನ್ನಡ ಶಾಲೆಗೆ ನೇಮಕವಾಯಿತು. ಮದುವೆಯಾಗದ ಹುಡುಗಿ ಪರವೂರಿನಲ್ಲಿ ಒಬ್ಬಳೇ ಇರುವುದೆಂದರೆ ನಮ್ಮ ಮನೆಯವರಿಗೆ ಗಂಟಲಲ್ಲಿ ಇಳಿಯದ ತುತ್ತು. ಕೊನೆಗೆ ಸೋದರಮಾವ ನನ್ನನ್ನು ಕರೆದುಕೊಂಡು ಬಂದು, ಊರೆಲ್ಲ ವಿಚಾರಿಸಿ, ಹುಬ್ಬಳ್ಳಿ ರಸ್ತೆಯ ಬದಿಯ ಒಂದು ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದರು. ಬನವಾಸಿ ಕಡೆಯಿಂದ ಬಂದ ಗಂಡಹೆಂಡತಿ, ಈರಪ್ಪ ಮತ್ತು ನೀಲವ್ವ. ಮಕ್ಕಳಿಲ್ಲ. ಬೆಳಗಾದರೆ ಶಿವಪೂಜೆ, ಆಮೇಲೆ ಹಾಲು ಕಾಯಿಸಿ ಖೋವಾ ಮಾಡಿ ಹುಬ್ಬಳ್ಳಿಯ ಮಿಠಾಯಿ ಅಂಗಡಿಗೆ ಕಳಿಸುವ ವ್ಯಾಪಾರ.

"ಕೂಸೇ, ಎಂತ ವಾಸನೆಯೇ ಇದು?" ಎಂದು ಮಾವ ಜಗಲಿಯಲ್ಲೇ ನಿಂತರು. "ಆನು ಇಲ್ಲಿ ನೀರೂ ಮುಟ್ತ್ನಿಲ್ಲೆ, ಈಗಲೇ ಹೇಳಿದ್ದೆ." ಅಷ್ಟರಲ್ಲಿ ಈರಪ್ಪ ಮುತ್ತುಗದ ಎಲೆಯಲ್ಲಿ ನಿಂಬೆಗಾತ್ರದ ಬಿಸಿ ಖೋವಾ ತಂದು ಅವರ ಮುಂದಿಟ್ಟು ಒಳಗೆ ಹೋದ. ಮಾವ ಅದನ್ನು ನೋಡಿದರು, ನನ್ನನ್ನು ನೋಡಿದರು, ರಸ್ತೆಯ ಆಚೆ ಈಚೆ ನೋಡಿದರು. ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. "ಚೊಲೋ ಇದ್ದು," ಎಂದರು, "ಮನೇಲಿ ಹೇಳಡ, ಹಾಂ." ನಾನು ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ, ಮಾವ ಬೈಯಲು ಬರುವುದಿಲ್ಲ.

ನೀಲವ್ವ ದಪ್ಪ ಮೂಳೆಯ ಎತ್ತರದ ಹೆಂಗಸು. ಮಾತು ಜೋರು, ನಗು ಅದಕ್ಕಿಂತ ಜೋರು. ಈರಪ್ಪ ಅವಳ ಹೆಗಲಿಗೆ ಬರುತ್ತಿದ್ದ. ಅವನು ಅಣ್ಣನ ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗುತ್ತಲೇ ತಲೆ ನರೆಸಿಕೊಂಡವನು. ಅಂಗಡಿಯಲ್ಲಿ ಅವನ ಮಾತಿಗೆ ಬೆಲೆ ಇರಲಿಲ್ಲ, ಮನೆಯಲ್ಲಿ ಮಕ್ಕಳಿಲ್ಲದ ನೀಲವ್ವನಿಗೆ ಓರಗಿತ್ತಿಯ ಎದುರು ಸೊಲ್ಲಿರಲಿಲ್ಲ. ಒಮ್ಮೆ ಹುಬ್ಬಳ್ಳಿಗೆ ಹೋಗುವಾಗ ಬಸ್ಸು ಯಲ್ಲಾಪುರದಲ್ಲಿ ಕೆಟ್ಟು ನಿಂತಿತಂತೆ. ಸಂತೆಯಲ್ಲಿ ಗೌಳಿಗರ ಹೆಂಗಸರು ರಾಶಿ ಬೆಣ್ಣೆ ಇಟ್ಟುಕೊಂಡು ಕೂತಿದ್ದನ್ನು ಅವಳು ನೋಡಿದಳು. ಗೌಳಿಗರೆಂದರೆ ಕಾಡಿನ ನಡುವೆ ಎಮ್ಮೆ ಕಟ್ಟಿಕೊಂಡು ಬದುಕುವವರು, ಅವರ ಬೀಡಿಗೆ ನಮ್ಮಲ್ಲಿ ದಡ್ಡಿ ಎನ್ನುತ್ತಾರೆ. ಅವರಲ್ಲಿ ಹಾಲು ಬೇಕಾದಷ್ಟು, ಆದರೆ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಹಾಲು ಒಡೆಯುತ್ತದೆ. ಖೋವಾ ಒಡೆಯುವುದಿಲ್ಲ.

"ಇಷ್ಟು ಹಾಲು ಕಾಡಿನ್ಯಾಗ, ಅಷ್ಟು ಬಾಯಿ ಹುಬ್ಬಳ್ಳ್ಯಾಗ," ಎಂದು ಅವಳು ನನಗೆ ಲೆಕ್ಕ ಒಪ್ಪಿಸಿದ್ದಳು. "ನಡುವ ಒಂದು ಬಾಣಲಿ ಇಟ್ರ ಸಾಕು ಅನ್ನಿಸ್ತು ನೋಡ್ರಿ ಅಕ್ಕೋರ. ಕೆಟ್ಟ ಬಸ್ಸಿಗೆ ಕೈ ಮುಗದೆ."

ಈರಪ್ಪನ ಅಣ್ಣ, ಅಂದರೆ ಅವಳ ಭಾವ, ಅವರನ್ನು ತಡೆಯಲಿಲ್ಲ. "ಸಾಕಾದ ಮ್ಯಾಲ ಬರ್ರಿ, ದೀಪಾವಳಿ ತನಕ ನೋಡ್ರಿ, ಬಾಗಲಾ ತಗದೇ ಇರತೈತಿ" ಎಂದಿದ್ದನಂತೆ. ಎಷ್ಟು ಒಳ್ಳೆಯ ಮಾತು, ಆದರೆ ನೀಲವ್ವ ಅದನ್ನು ಹೇಳುವಾಗ ಮುಖ ಕೆಂಪಾಗುತ್ತಿತ್ತು. ವ್ಯಾಪಾರ ಕುದುರದಿದ್ದರೆ ಆ ತೆರೆದ ಬಾಗಿಲಿನೊಳಗೆ ತಲೆ ತಗ್ಗಿಸಿ ಹೋಗಬೇಕು. ಈರಪ್ಪ ಮತ್ತೆ ಬೆಲ್ಲ ತೂಗಬೇಕು, ಇವಳು ಮತ್ತೆ ಓರಗಿತ್ತಿಯ ಪಾತ್ರೆ ತಿಕ್ಕಬೇಕು. ಆ ಮಳೆಗಾಲವೆಲ್ಲ ಅವಳ ಎದೆಯ ಮೇಲೆ ಕೂತಿದ್ದು ಇದೇ.

ಅವರ ಕೆಲಸ ನೋಡುವುದೇ ನನಗೆ ಚೆಂದ. ಹಿತ್ತಿಲಲ್ಲಿ ಹುಲ್ಲಿನ ಮಾಡು, ಕೆಳಗೆ ಮಣ್ಣಿನ ದೊಡ್ಡ ಒಲೆ, ಮೇಲೆ ಅಗಲ ಬಾಯಿಯ ಕಬ್ಬಿಣದ ಬಾಣಲೆ. ಹಾಲು ತರುವುದು, ನೋಡಿ ತೆಗೆದುಕೊಳ್ಳುವುದು, ಕಟ್ಟುವುದು, ಬಸ್ಸಿಗೆ ಹಾಕುವುದು, ಹುಬ್ಬಳ್ಳಿಯವರ ಹತ್ತಿರ ಮಾತಾಡುವುದು ನೀಲವ್ವನದು. ಬಾಣಲೆ ಈರಪ್ಪನದು. ಉದ್ದ ಹಿಡಿಯ ಸಟ್ಟುಗ ಹಿಡಿದು ನಿಂತನೆಂದರೆ ಅವನು ಬೇರೆಯೇ ಮನುಷ್ಯ. ತಳಕ್ಕೆ ಹಿಡಿಯದಂತೆ ಎಳೆಯುತ್ತ, ಅಂಚಿಗೆ ಕಟ್ಟಿದ ಕೆನೆಯನ್ನು ಮತ್ತೆ ಒಳಗೆ ಸೇರಿಸುತ್ತ, ಬೆವರೊರೆಸಲೂ ಕೈ ಬಿಡುತ್ತಿರಲಿಲ್ಲ. ಮೊದಲು ಹಾಲು ಉಕ್ಕುತ್ತದೆ, ಆಮೇಲೆ ಕೊತಕೊತ ಎನ್ನುತ್ತದೆ, ಆಮೇಲೆ ಸದ್ದು ಇಳಿದು ಬಾಣಲೆಯ ಬದಿ ಬಿಟ್ಟು ನಡುವೆ ಗುಂಪಾಗುತ್ತದೆ. ಆಗ ಅವನು ಚಿಟಿಕೆಯಷ್ಟು ತೆಗೆದು ಬೆರಳ ನಡುವೆ ಒತ್ತಿ ತುಪ್ಪ ಒಸರುವುದನ್ನು ನೋಡಿ ಬಾಣಲೆ ಇಳಿಸುತ್ತಿದ್ದ. ಪೇಢೆಗೆ ಬೇಕಾದದ್ದು ರವೆರವೆಯಾಗಿ, ಜಾಮೂನಿಗೆ ಬೇಕಾದದ್ದು ನುಣ್ಣಗೆ. ಆರಿದ ಮೇಲೆಯೇ ಎಲೆಯಲ್ಲಿ ಕಟ್ಟುವುದು, ಬಿಸಿಯಲ್ಲಿ ಕಟ್ಟಿದರೆ ಬೆವತು ಹುಳಿಯಾಗುತ್ತದೆ. ಆಮೇಲೆ ಬಿದಿರಿನ ಬುಟ್ಟಿ, ಸಂಜೆಯ ಬಸ್ಸು. ಮಳೆಗಾಲದಲ್ಲಿ ಬುಟ್ಟಿಯನ್ನು ಬಸ್ಸಿನ ಮೇಲೆ ಹಾಕುವಂತಿಲ್ಲ. ಡ್ರೈವರನ ಬದಿಯಲ್ಲಿ ಜಾಗ ಬೇಕು, ಅದಕ್ಕೆ ಅವನಿಗೂ ಒಂದು ಎಲೆ ಖೋವಾ ಬೇಕು.

ಆಗ ಹಿಟ್ಟು ಬೆರೆಸಿ ತೂಕ ಏರಿಸುವವರಿದ್ದರು. ನಾನು ಕೀಟಲೆಗೆ ಒಮ್ಮೆ ಕೇಳಿದೆ, ನೀಲವ್ವ, ಒಂದು ಮುಷ್ಟಿ ಹಿಟ್ಟು ಹಾಕಿದರೆ ಯಾರಿಗೆ ಗೊತ್ತಾಗುತ್ತದೆ ಎಂದು. ಅವಳು ನಗಲಿಲ್ಲ. "ನಮ್ಮದು ಹೆಸರಿಲ್ಲದ ಸಾಮಾನ ಅಕ್ಕೋರ. ಪೇಢೆ ಚೊಲೋ ಆದ್ರ ಹೆಸರು ಅಂಗಡಿಯವರದು. ಕೆಟ್ರ ಮಾತ್ರ ನಮ್ಮದು. ಹಿಂಗಿದ್ದ ಮ್ಯಾಲ ಹಿಟ್ಟು ಹಾಕ್ಲೇನು?" ಹುಬ್ಬಳ್ಳಿಯಲ್ಲಿ ಪೇಢೆ ತಿಂದವರು ಯಾರೂ ಅವಳ ಹೆಸರು ಕೇಳಿರಲಿಕ್ಕಿಲ್ಲ. ಆದರೂ ಅವಳು ಹಿಟ್ಟು ಮುಟ್ಟಲಿಲ್ಲವಲ್ಲ ಎಂದು ನನಗೆ ಇವತ್ತಿಗೂ ಹೆಮ್ಮೆ.

ಮೃಗಶಿರಾ ಮಳೆ ಹಿಡಿದ ಹೊತ್ತಿಗೆ ಹುಬ್ಬಳ್ಳಿಯ ಅಂಗಡಿಯ ಯಜಮಾನರು ತಾವೇ ಬಂದರು. ಬಾಣಲೆಯ ಹತ್ತಿರ ನಿಂತು ರುಚಿ ನೋಡಿ ತಲೆದೂಗಿದರು. ಶ್ರಾವಣದಿಂದ ದೀಪಾವಳಿಯ ತನಕ ದಿನಕ್ಕೊಂದು ತುಂಬಿದ ಬುಟ್ಟಿ ಬರಬೇಕು, ದೀಪಾವಳಿಯ ಹಿಂದಿನ ವಾರ ಎರಡು. ಅಷ್ಟು ಬಂದರೆ ವರ್ಷವಿಡೀ ಇವರದೇ ಖೋವಾ, ಇಲ್ಲದಿದ್ದರೆ ಬೇರೆ ಕಡೆಯವರು ಕಾದಿದ್ದಾರೆ. ನೀಲವ್ವ ಹೂಂ ಎಂದಳು. ಅವರ ಜೀಪು ತಿರುವು ದಾಟುವ ತನಕ ನಗುತ್ತ ನಿಂತಿದ್ದು, ಆಮೇಲೆ ಜಗಲಿಯ ಮೇಲೆ ಕೂತು ಹಾಲಿನ ಲೆಕ್ಕ ಹಾಕಿದಳು. ಆಗ ಅವಳಿಗೆ ಸಿಗುತ್ತಿದ್ದದ್ದು ಪೇಟೆಯ ಮನೆಗಳಲ್ಲಿ ಉಳಿದ ಹಾಲು. ಅದರಲ್ಲಿ ಅರ್ಧ ಬುಟ್ಟಿಯೂ ಆಗುತ್ತಿರಲಿಲ್ಲ. ಗೌಳಿಗರು ಬೆಣ್ಣೆ ಕೊಡುತ್ತಿದ್ದರು, ತುಪ್ಪ ಕೊಡುತ್ತಿದ್ದರು, ಖೋವಾಕ್ಕೆ ಮಾತ್ರ ಒಂದು ಹನಿ ಹಾಲು ಕೊಡುತ್ತಿರಲಿಲ್ಲ.

ಯಾಕೆ ಎನ್ನುವುದು ನನಗೆ ತಿಳಿದದ್ದು ಆಷಾಢದ ಒಂದು ಭಾನುವಾರ, ಅವಳ ಜೊತೆ ದಡ್ಡಿಗೆ ಹೋದಾಗ. ಕೆಸರಿನ ದಾರಿ, ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳಗಳು, ಹೊಸ ಸೀರೆ ಉಟ್ಟುಕೊಂಡು ಹೋದ ದಡ್ಡಿ ನಾನು. ದಡ್ಡಿಯ ಹಿರಿಯಳು ಭಾಗೂಬಾಯಿ. ತೆಳ್ಳಗಿನ ಮುದುಕಿ, ಕೈತುಂಬ ಹಿತ್ತಾಳೆಯ ಬಳೆ, ಯಾರನ್ನೂ ಅಳೆದು ನೋಡುವ ಕಣ್ಣು. ಅವಳು ನಮ್ಮನ್ನು ಕೂರಿಸಿ ಮಜ್ಜಿಗೆ ಕೊಟ್ಟಳು. ನೀಲವ್ವ ಹಾಲಿನ ಮಾತು ತೆಗೆದಳು.

"ಬ್ಯಾಡ ಬಾಯಿ," ಎಂದಳು ಭಾಗೂಬಾಯಿ. "ಕುಡ್ಯಾಕ ಒಯ್ಯಿ, ಹೆಪ್ಪು ಹಾಕ್ಕೋ. ಬೆಂಕಿ ಮ್ಯಾಲ ಇಟ್ಟು ಹಾಲು ಒಣಗಸ್ತೀನಿ ಅಂದ್ರ ಕೊಡೂದಿಲ್ಲ. ಹಾಲು ಒಣಗಿದ್ರ ಕೆಚ್ಚಲ ಒಣಗ್ತೇತಿ. ನಮ್ಮ ಹಿರೇರು ಹೇಳ್ಯಾರ."

ನನ್ನ ಬಾಯಲ್ಲಿ ಶಾಲೆಯ ಪಾಠ ಎದ್ದು ಬಂದಿತ್ತು. ನೀಲವ್ವ ನನ್ನ ತೊಡೆ ಒತ್ತಿ ಸುಮ್ಮನಾಗಿಸಿದಳು. ಅವಳು ವಾದ ಮಾಡಲಿಲ್ಲ, ಹಾಗೇನೂ ಆಗುವುದಿಲ್ಲ ಎನ್ನಲಿಲ್ಲ. ಅಂಗಳದಲ್ಲಿ ಮಲಗಿದ್ದ ಎಮ್ಮೆಗಳನ್ನು ಸ್ವಲ್ಪ ಹೊತ್ತು ನೋಡಿ, "ನಂದೂ ಒಂದು ಎಮ್ಮಿ ಐತಿ ಭಾಗಕ್ಕ" ಎಂದಳು.

ಅದು ಕೆಂಚಿ. ನೀಲವ್ವನ ತವರಿನವರು ಕೊಟ್ಟ, ಬನವಾಸಿಯಿಂದ ಜೊತೆಗೇ ತಂದು ಹಿತ್ತಿಲಲ್ಲಿ ಕಟ್ಟಿದ್ದ ಎಮ್ಮೆ, ತುಸು ಕೆಂಪುಗೂದಲಿನದು. ಕರು ಹಾಕಿ ಬಹಳ ದಿನವಾಗಿತ್ತು. ಎರಡು ಸಲ ಕೋಣಕ್ಕೆ ಬಿಟ್ಟರೂ ಗಬ್ಬ ನಿಂತಿರಲಿಲ್ಲ. ಇನ್ನು ಈ ಹಾಲು ಬತ್ತಿದರೆ ಅದು ಗೊಡ್ಡು ಎಂದು ಬನವಾಸಿಯಲ್ಲಿ ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ತವರಿನಿಂದ ಅವಳಿಗೆ ಉಳಿದಿದ್ದ ಆಸ್ತಿ ಅದೊಂದೇ.

"ಕೆಂಚೀನ ನಿಮ್ಮ ದಡ್ಡ್ಯಾಗ ತಂದು ಕಟ್ತೀನಿ," ಎಂದಳು ನೀಲವ್ವ. "ನೀನೇ ಹಿಂಡು. ದಿನಾ ಬಾಣಲಿಗೆ ಮೊದಲ ಬೀಳೂದು ಅದರ ಹಾಲು. ನಿಮ್ಮದು ಅದರ ಮ್ಯಾಲ. ಒಣಗೂದಾದ್ರ ಮೊದಲ ನಂದು ಒಣಗಲಿ. ಅದು ಒಣಗಿದ ದಿವಸ ಬಾಣಲಿ ಬೋರಲ ಹಾಕಿ ಊರು ಬಿಡ್ತೀನಿ. ಕೇಳಾಕೂ ಬರೂದಿಲ್ಲ."

ಭಾಗೂಬಾಯಿ ಎದ್ದು ಒಳಗೆ ಹೋಗಿ ಇನ್ನೊಂದು ಲೋಟ ಮಜ್ಜಿಗೆ ತಂದು ನೀಲವ್ವನ ಕೈಗೆ ಕೊಟ್ಟಳು. "ನಾಳೆ ಹೊಡ್ಕೊಂಡು ಬಾ" ಎಂದಳು. ದಾರಿಯಲ್ಲಿ ನಾನು ನೀಲವ್ವನಿಗೆ ನಿನಗೆ ಹುಚ್ಚೇ ಎಂದು ಬೈದೆ. "ಅವರ ಎಮ್ಮಿ ಅವರ ಜೀವಾ ಅಕ್ಕೋರ," ಎಂದಳು ಅವಳು. "ನನ್ನ ಜೀವಾ ಒತ್ತಿ ಇಡದ ಅವರ ಜೀವಾ ಕೇಳೂದು ಹೆಂಗ?"

ಶ್ರಾವಣ ಬಂತು. ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಗೌಳಿಗರ ಹೆಂಗಸರು ಕಂಬಳಿಕೊಪ್ಪೆ ಹಾಕಿಕೊಂಡು, ತಲೆಯ ಮೇಲೆ ತಾಮ್ರದ ಕೊಡ ಹೊತ್ತು ಸಾಲಾಗಿ ಬರುತ್ತಿದ್ದರು. ಎಲ್ಲರಿಗಿಂತ ಮುಂದೆ ಭಾಗೂಬಾಯಿ, ಅವಳ ಕೈಯಲ್ಲಿ ಎಲೆಯಿಂದ ಬಾಯಿ ಮುಚ್ಚಿದ ಒಂದು ಹಿತ್ತಾಳೆಯ ತಂಬಿಗೆ. ಅದು ಕೆಂಚಿಯ ಹಾಲು. ನೀಲವ್ವ ಅದನ್ನು ಕಾದ ಬಾಣಲೆಗೆ ಸುರಿಯುವುದನ್ನು ಎಲ್ಲರೂ ನಿಂತು ನೋಡುತ್ತಿದ್ದರು. ಚುರ್ ಎನ್ನುತ್ತಿತ್ತು. ಆಮೇಲೆ ಒಬ್ಬೊಬ್ಬರೇ ತಮ್ಮ ಕೊಡ ಬಗ್ಗಿಸುತ್ತಿದ್ದರು. ನನಗೆ ಅದು ಪೂಜೆಯಂತೆ ಕಾಣುತ್ತಿತ್ತು. ಶಾಲೆಗೆ ತಡವಾಗಿ ಹೆಡ್ ಮಾಸ್ತರರಿಂದ ಮಾತು ಕೇಳಿಸಿಕೊಂಡದ್ದೂ ಉಂಟು.

ಆ ಮಳೆಗಾಲದಷ್ಟು ಸುಖವಾಗಿ ನಾನು ಯಾವ ಮಳೆಗಾಲವನ್ನೂ ಕಳೆದಿಲ್ಲ. ನನ್ನ ಸೀರೆ, ಪುಸ್ತಕ, ಹಾಸಿಗೆ ಎಲ್ಲಕ್ಕೂ ಖೋವಾದ ವಾಸನೆ ಹತ್ತಿತ್ತು. ಶಾಲೆಯಲ್ಲಿ ಮಕ್ಕಳು ಬೇಕೆಂದೇ ನನ್ನ ಮೇಜಿನ ಹತ್ತಿರ ಬಂದು ಲೆಕ್ಕ ತೋರಿಸುತ್ತಿದ್ದರು, ಅದೂ ತಪ್ಪು ಲೆಕ್ಕ. ದಿನವೂ ಬುಟ್ಟಿ ತುಂಬುತ್ತಿತ್ತು. ಬಸ್ಸಿನ ಡ್ರೈವರನ ಬಾಯಲ್ಲಿ ಹುಬ್ಬಳ್ಳಿ ಯಜಮಾನರಿಂದ ಒಳ್ಳೆಯ ಮಾತು ಬರುತ್ತಿತ್ತು. ಈರಪ್ಪ ಸಟ್ಟುಗ ಎಳೆಯುತ್ತ ಹಾಡು ಗುನುಗಲು ಶುರುಮಾಡಿದ. ಅವನಿಗೆ ಹಾಡು ಬರುತ್ತದೆಂದು ನೀಲವ್ವನಿಗೇ ಗೊತ್ತಿರಲಿಲ್ಲವಂತೆ. "ಅಣ್ಣನ ಅಂಗಡ್ಯಾಗ ಹಾಡೂದು ಎಲ್ಲಿ ಬಂತು?" ಎಂದು ಅವಳು ಹೇಳಿದಾಗ ನನ್ನ ಕಣ್ಣಲ್ಲಿ ನೀರು ಬಂತು.

ನವರಾತ್ರಿ ಕಳೆದ ಮೇಲೆ ತಂಬಿಗೆ ಹಗುರವಾಗತೊಡಗಿತು. ಮೊದಲು ಕಂಠದ ತನಕ ಇರುತ್ತಿದ್ದ ಹಾಲು ಹೊಟ್ಟೆಯ ತನಕ ಇಳಿಯಿತು, ಆಮೇಲೆ ಇನ್ನೂ ಕೆಳಗೆ. ಭಾಗೂಬಾಯಿ ಏನೂ ಹೇಳದೆ ಕೊಡುತ್ತಿದ್ದಳು, ನೀಲವ್ವ ಏನೂ ಕೇಳದೆ ಸುರಿಯುತ್ತಿದ್ದಳು. ನೀಲವ್ವನಿಗೆ, ಯಾಕೆ ಕೇಳಬಾರದು ಎಂದು ನಾನಂದರೆ, "ಕೇಳಿದ್ರ ಒಣಗೇತಿ ಅಂತ ಬಾಯಿಬಿಟ್ಟು ಅಂತಾಳ. ಅಂದ ಮ್ಯಾಲ ಮುಗೀತಲ್ಲ" ಎಂದಳು. ಭಾಗೂಬಾಯಿಯ ಮುಖದಲ್ಲಂತೂ ಒಂದು ಗೆರೆ ಹೆಚ್ಚಿಲ್ಲ, ಕಮ್ಮಿಯಿಲ್ಲ. ಜೊತೆಗೆ ಬರುವ ಹೆಂಗಸರು ಮಾತ್ರ ತಂಬಿಗೆಯ ಕಡೆ ಓರೆಗಣ್ಣಿನಲ್ಲಿ ನೋಡಿ ತಮ್ಮ ಭಾಷೆಯಲ್ಲಿ ಪಿಸುಗುಟ್ಟುತ್ತಿದ್ದರು.

ತಂಬಿಗೆಗೆ ಸ್ವಲ್ಪ ನೀರು ಸೇರಿಸಿದರೆ ಯಾರೂ ಕೇಳುತ್ತಿರಲಿಲ್ಲ. ಪೇಟೆಯ ಹಾಲನ್ನು ಕೆಂಚಿಯದೆಂದು ಸುರಿದರೂ ನಡೆಯುತ್ತಿತ್ತು. ಈರಪ್ಪನೇ ಒಂದು ದಿನ ತಗ್ಗಿದ ದನಿಯಲ್ಲಿ, "ದೀಪಾವಳಿ ಒಂದು ದಾಟಲಿ, ಆಮ್ಯಾಲ ನೋಡೂಣು" ಎಂದ. ನೀಲವ್ವ ಗಂಡನ ಮುಖ ನೋಡಿದಳು. "ಹಿಟ್ಟು ಹಾಕಲಾರದ ಕೈ ಇದು," ಎಂದಳು, "ಈಗ ಸುಳ್ಳು ಹಾಕ್ಲೇನ್ರಿ?" ಅವನು ಸಟ್ಟುಗ ಎತ್ತಿಕೊಂಡ.

ದೀಪಾವಳಿಯ ಹಿಂದಿನ ವಾರ ಬಂತು. ದಿನಕ್ಕೆ ಎರಡು ಬುಟ್ಟಿ ಹೋಗಬೇಕಾದ ವಾರ. ಮೊದಲ ದಿನವೇ ಬೆಳಿಗ್ಗೆ ಹೆಂಗಸರು ಎಂದಿಗಿಂತ ಹೆಚ್ಚು ಕೊಡ ಹೊತ್ತು ಬಂದರು. ಒಲೆ ಉರಿಯುತ್ತಿತ್ತು, ಬಾಣಲೆ ಕಾದಿತ್ತು. ಭಾಗೂಬಾಯಿ ಬರಿಗೈಯಲ್ಲಿ ಬಂದಿದ್ದಳು. ತಂಬಿಗೆ ಇರಲಿಲ್ಲ.

ನೀಲವ್ವ ಅವಳ ಕೈ ನೋಡಿದಳು. ಉರಿಯುವ ಕೊಳ್ಳಿಗಳನ್ನು ಒಂದೊಂದಾಗಿ ಎಳೆದು ನೀರು ಚಿಮುಕಿಸಿದಳು. ಬಟ್ಟೆ ಹಿಡಿದು ಬಾಣಲೆಯ ಕಿವಿ ಎತ್ತಿ, ಅಷ್ಟು ಭಾರದ ಬಾಣಲೆಯನ್ನು ತಾನೊಬ್ಬಳೇ ಅಂಗಳದಲ್ಲಿ ಬೋರಲು ಹಾಕಿದಳು. ಅದು ನೆಲಕ್ಕೆ ಬಡಿದ ಸದ್ದಿಗೆ ಈರಪ್ಪ ಕಿವಿ ಮುಚ್ಚಿಕೊಂಡ. "ಮಾತು ಕೊಟ್ಟಿದ್ದೆ ಭಾಗಕ್ಕ," ಎಂದಳು ನೀಲವ್ವ. ದನಿ ಗಟ್ಟಿಯಾಗಿಯೇ ಇತ್ತು. "ನಿಮ್ಮ ಹಾಲು ನೀವು ಒಯ್ರಿ. ನಿಮ್ಮ ಎಮ್ಮಿಗೆ ಏನೂ ಆಗದಿರಲಿ. ನಾವು ನಾಳೆ ಊರಿಗೆ ಹೋಗ್ತೀವಿ."

ಆ ಕ್ಷಣದಲ್ಲಿ ಅವಳ ಮೇಲೆ ನನಗೆ ಎಷ್ಟು ಅಭಿಮಾನ ಬಂತೆಂದರೆ, ಅಳುತ್ತಲೇ ಅವಳ ಪಕ್ಕದಲ್ಲಿ ಹೋಗಿ ನಿಂತೆ. ಹೆಂಗಸರು ಕೊಡ ಇಳಿಸಲೂ ಆಗದೆ ಎತ್ತಲೂ ಆಗದೆ ನಿಂತಿದ್ದರು. ಭಾಗೂಬಾಯಿ ಆ ಬೋರಲು ಬಾಣಲೆಯನ್ನೇ ನೋಡುತ್ತಿದ್ದಳು. ಅವಳ ತುಟಿ ಅಲುಗಿತು, ಮತ್ತೆ ಬಿಗಿಯಿತು. ಹಿಂದೆ ನಿಂತ ಅವಳ ಸೊಸೆ ಏನೋ ಅರ್ಥವಾದವಳಂತೆ ಮುಂದೆ ಬಂದು ಅತ್ತೆಯ ತೋಳು ಹಿಡಿದು ಬೇಡ ಬೇಡ ಎನ್ನುವಂತೆ ತಲೆಯಾಡಿಸಿದಳು. ಮುದುಕಿ ತೋಳು ಬಿಡಿಸಿಕೊಂಡಳು.

"ಕೆಂಚಿ ಒಣಗಿಲ್ಲ ಬಾಯಿ," ಎಂದಳು. "ಗಬ್ಬ ಐತಿ."

ಹೆಂಗಸರೆಲ್ಲ ಬಾಯಿಗೆ ಸೆರಗು ಹಚ್ಚಿದರು. ಅವರು ಯಾಕೆ ಬೆಚ್ಚಿದರೆಂದು ನಮಗೆ ತಿಳಿಯಲಿಲ್ಲ, ಸೊಸೆ ಅಳುತ್ತ ಬಿಡಿಸಿ ಹೇಳಿದಳು. ಗಬ್ಬ ನಿಂತ ಎಮ್ಮೆಯ ಹಾಲು ಕಮ್ಮಿಯಾಗಿ ನಿಲ್ಲುವುದು ಸಹಜ, ಆದರೆ ಆ ದಡ್ಡಿಯಲ್ಲಿ ಅಂಥ ಎಮ್ಮೆಯ ಸುದ್ದಿಯನ್ನು ದೀಪಾವಳಿಯ ಪೂಜೆಗೆ ಮೊದಲು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪೂಜೆಯ ದಿನ ಹಿರಿಯಳು ಅಂಥ ಎಮ್ಮೆಯ ಹಣೆಗೆ ಅರಿಶಿನ ಹಚ್ಚುತ್ತಾಳೆ, ಆಗಲೇ ಎಲ್ಲರಿಗೂ ಗೊತ್ತಾಗಬೇಕು. ಮೊದಲೇ ಹೇಳಿದರೆ ದೃಷ್ಟಿಯಾಗುತ್ತದೆ. ಹೇಳಿದವರು ಆ ವರ್ಷ ಪೂಜೆಯ ದಿನ ಎಮ್ಮೆ ಕಟ್ಟುವ ದೊಡ್ಡಿಯ ಒಳಗೆ ಕಾಲಿಡುವಂತಿಲ್ಲ. ಭಾಗೂಬಾಯಿ ಮದುವೆಯಾಗಿ ಬಂದು ಹಿರಿಯಳಾದಾಗಿನಿಂದ ಅರಿಶಿನ ಹಚ್ಚುತ್ತಿದ್ದವಳು ಅವಳೇ. ಕೆಂಚಿ ತನ್ನ ಕೈಯಲ್ಲಿ ಗಬ್ಬ ನಿಂತಿತೆಂದು ಒಳಗೊಳಗೇ ಹಿಗ್ಗಿ, ಹಬ್ಬದ ದಿನ ನೀಲವ್ವನನ್ನು ಕರೆಸಿ ತೋರಿಸಬೇಕೆಂದು ಕಾಯುತ್ತಿದ್ದಳಂತೆ. ಇಷ್ಟು ದಿನ ಒಬ್ಬಳು ಹೆದರಿ ಕೇಳಿರಲಿಲ್ಲ, ಇನ್ನೊಬ್ಬಳು ಸಂತೋಷವನ್ನು ಬಚ್ಚಿಟ್ಟುಕೊಂಡು ಹೇಳಿರಲಿಲ್ಲ.

"ಹೇಳಬಾರದಿತ್ತು ಭಾಗಕ್ಕ, ನನ್ನ ಸಲುವಾಗಿ ಯಾಕ ಹೇಳಿದಿ?" ಎಂದು ನೀಲವ್ವ ಆಗ ಅತ್ತಳು, ಬಾಣಲೆ ಬೋರಲು ಹಾಕುವಾಗ ಬಾರದ ಅಳು.

"ನೀ ಮಾತಿಗೆ ಊರು ಬಿಡ್ತೀ," ಎಂದಳು ಭಾಗೂಬಾಯಿ. "ನಾ ಒಂದು ಹಬ್ಬ ಬಿಡಾಕಾಗೂದಿಲ್ಲೇನು?" ಮತ್ತೆ ಈರಪ್ಪನ ಕಡೆ ತಿರುಗಿ, "ಎತ್ತಪಾ ಬಾಣಲಿ" ಎಂದಳು.

ಈರಪ್ಪ ಓಡಿಬಂದು ಬಾಣಲೆ ಎತ್ತಿ ಒರೆಸಿದ. ಒಲೆ ಮತ್ತೆ ಹೊತ್ತಿತು. ಭಾಗೂಬಾಯಿ ಸೊಸೆಯ ತಲೆಯ ಮೇಲಿನ ಕೊಡ ತೆಗೆದುಕೊಂಡು, ತನ್ನ ಸ್ವಂತ ಎಮ್ಮೆಗಳ ಹಾಲನ್ನು ತಾನೇ ಮೊದಲು ಸುರಿದಳು. ಮಾರನೆಯ ದಿನ ಇನ್ನೊಬ್ಬಳು, "ಇವತ್ತ ಮೊದಲ ನಂದು" ಎಂದು ಮುಂದೆ ಬಂದಳು. ಅದರ ಮರುದಿನ ಇಬ್ಬರು ಬಂದು ಬಾಣಲೆಯ ಎದುರೇ ಜಗಳ ಹೂಡಿದರು. ಹೆದರಿ ದೂರವಿಟ್ಟಿದ್ದ ಬಾಣಲೆಗೆ ಮೊದಲ ಹಾಲು ಹಾಕುವುದೇ ಈಗ ಮರ್ಯಾದೆಯ ವಿಷಯವಾಗಿತ್ತು. ಎರಡು ಬುಟ್ಟಿಗಳೂ ದಿನದಿನವೂ ಹುಬ್ಬಳ್ಳಿ ಮುಟ್ಟಿದವು. ಬನವಾಸಿಗೆ ಅವರು ಹೋಗಲಿಲ್ಲ, ಭಾವನ ಮನೆಗೆ ಒಂದು ಎಲೆ ಖೋವಾ ಮಾತ್ರ ಹೋಯಿತು.

ಹಬ್ಬಕ್ಕೆ ಊರಿಗೆ ಹೊರಡಬೇಕಿದ್ದ ನಾನು ನಿಂತೆ. ದಡ್ಡಿಯಲ್ಲಿ ಪೂಜೆಯ ದಿನ ಎಮ್ಮೆಗಳ ಮೈ ತೊಳೆದು, ಕೋಡಿಗೆ ಕೆಮ್ಮಣ್ಣು ಬಳಿದು, ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿದ್ದರು. ದೊಡ್ಡಿಯೊಳಗೆ ಡೋಲು, ಮಕ್ಕಳ ಕೇಕೆ. ಬೇಲಿಯ ಹೊರಗೆ ಒಂದು ಕಲ್ಲಿನ ಮೇಲೆ ಭಾಗೂಬಾಯಿ ಬೆನ್ನು ತಿರುಗಿಸಿಕೊಂಡು ಕೂತಿದ್ದಳು. ಹೊಸ ಸೀರೆ ಉಟ್ಟಿದ್ದಳು, ಕೈಯ ಬಳೆಗಳನ್ನು ಸುಮ್ಮನೆ ತಿರುಗಿಸುತ್ತಿದ್ದಳು. ಒಳಗೆ ಸೊಸೆ ಅರಿಶಿನದ ಬಟ್ಟಲು ಹಿಡಿದು ಕೆಂಚಿಯ ಮುಂದೆ ನಿಂತಿದ್ದಳು. ಅವಳ ಕೈ ಮೇಲೇಳುತ್ತಿರಲಿಲ್ಲ.

ನೀಲವ್ವ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಸೀದಾ ದೊಡ್ಡಿಯೊಳಗೆ ಹೋಗಿ ಕೆಂಚಿಯ ಹಗ್ಗ ಬಿಚ್ಚಿದಳು. ಡೋಲು ನಿಂತಿತು. ಗಂಡಸರಲ್ಲಿ ಒಬ್ಬ ಏನೋ ಹೇಳಲು ಬಂದ. "ಭಾಗಕ್ಕ ಒಳಗ ಬರಬಾರದು, ಖರೆ," ಎಂದಳು ನೀಲವ್ವ. "ಎಮ್ಮಿ ಹೊರಗ ಹೋಗಬಾರದು ಅಂತ ಯಾರೂ ಹೇಳಿಲ್ಲ. ಇದು ನನ್ನ ಎಮ್ಮಿ. ನನಗ ಬೇಕಾದಲ್ಲಿ ನಿಲ್ಲಸ್ತೀನಿ."

ಅವಳು ಕೆಂಚಿಯನ್ನು ಬೇಲಿ ದಾಟಿಸಿ ಆ ಕಲ್ಲಿನ ಮುಂದೆ ತಂದು ನಿಲ್ಲಿಸಿದಳು. ಸೊಸೆ ಬಟ್ಟಲು ಹಿಡಿದು ಹಿಂದೆಯೇ ಓಡಿಬಂದಳು. ಭಾಗೂಬಾಯಿ ಎದ್ದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಬಟ್ಟಲಲ್ಲಿ ಬೆರಳದ್ದಿ ಕೆಂಚಿಯ ಹಣೆಗೆ ಅಗಲವಾಗಿ ಅರಿಶಿನ ಹಚ್ಚಿದಳು. ಆಮೇಲೆ ಅದೇ ಬೆರಳನ್ನು ನೀಲವ್ವನ ಗಲ್ಲಕ್ಕೂ ಒರೆಸಿದಳು. ಒಳಗೆ ಡೋಲು ಮತ್ತೆ ಶುರುವಾಯಿತು.